ಘಾಟ್ ಇರುವುದು ವಾಪಸ್ ಬರುವಾಗ

ಬೆಂಗಳೂರಿನವರು ಸೈಕಲ್ ತುಳಿದು ನಂದಿ ಬೆಟ್ಟ ಹತ್ತುತ್ತಾರೆ. ಮೇಲೆ ಫೋಟೊ ತೆಗೆಸಿಕೊಂಡು, ಜುಮ್ಮೆಂದು ಇಳಿದು ಬಂದು ಇಡ್ಲಿ ತಿನ್ನುತ್ತಾರೆ. ಕಷ್ಟ ಮೊದಲು, ಸುಖ ಆಮೇಲೆ. ನಮ್ಮ ಬೆಳಗಾವಿಯವರ ಹಣೆಬರಹ ಉಲ್ಟಾ. ಊರೇ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಮೇಲಿದೆ. ಪಶ್ಚಿಮಕ್ಕೆ ಘಾಟಿನ ನೆತ್ತಿಯ ಮೇಲಿರುವ ಅಂಬೋಲಿ ಕೂಡ ನಮಗಿಂತ ತುಸು ಕೆಳಗೇ. ಅಂದರೆ ನಾವು ಹುಟ್ಟುತ್ತಲೇ ಗುಡ್ಡ ಹತ್ತಿ ಕೂತವರು. ಸೈಕಲ್ ಏರಿ ಪಶ್ಚಿಮಕ್ಕೆ ಹೊರಟರೆ ದೊಡ್ಡ ಇಳಿಜಾರು ಮೊದಲು ಬರುತ್ತದೆ. ವಾಪಸ್ ಬರುತ್ತ ಆ ಘಾಟ್ ಹತ್ತುವ ಹೊತ್ತಿಗೆ ಕಾಲು, ನೀರು, ರೊಕ್ಕ ಮೂರೂ ತಳ ಕಂಡಿರುತ್ತವೆ.

ಅದಕ್ಕೇ ಬೆಳಗಾವಿಯಲ್ಲಿ ಕೂತು ಸೈಕಲ್ ಪ್ರವಾಸದ ಪ್ಲ್ಯಾನ್ ಹಾಕುವವರು ಕೊನೆಯ ದಿನದಿಂದ ಶುರು ಮಾಡಬೇಕು ಎನ್ನುವುದು ನನ್ನ ಪಕ್ಕಾ ಅಭಿಪ್ರಾಯ. ವಹಿಯ ಕೊನೆಯ ಪುಟದಲ್ಲಿ ಮೊದಲು "ಘಾಟ್ ಹತ್ತೂದು" ಎಂದು ಬರೆಯಿರಿ. ಉಳಿದ ಲೆಕ್ಕವೆಲ್ಲ ಅದಕ್ಕೆ ತಕ್ಕಂತೆ ತಾನಾಗಿ ಕೂಡುತ್ತದೆ.

ದಾರಿಗಳು ಮುಖ್ಯವಾಗಿ ಎರಡು. ಹಿಂಡಲಗಾ, ಶಿನೋಳಿ ದಾಟಿ ಅಂಬೋಲಿ, ಅಲ್ಲಿಂದ ಕೆಳಗೆ ಸಾವಂತವಾಡಿ. ಇಲ್ಲವೇ ಜಾಂಬೋಟಿ, ಕಣಕುಂಬಿ ಮೇಲೆ ಚೋರ್ಲಾ ಘಾಟ್ ಇಳಿದು ಗೋವಾ. ಕಣಕುಂಬಿಯಲ್ಲಿ ಮಲಪ್ರಭೆ ಹುಟ್ಟುತ್ತಾಳೆ. ಘಾಟಿನ ಅಂಚಿನಲ್ಲೇ ಹುಟ್ಟಿದರೂ ಆಕೆ ಆ ಕಡೆ ತಿರುಗಿಯೂ ನೋಡದೆ ಪೂರ್ವಕ್ಕೆ ಹರಿದು, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತಾಳೆ. ಜಾಣೆ. ನಾವು ಅಷ್ಟು ಜಾಣರಲ್ಲ, ಸಮುದ್ರದ ಗಾಳಿ ಬೇಕು ನಮಗೆ.

ಹತ್ತುವುದನ್ನು ಮೊದಲು ಬರೆದರೆ ಸೈಕಲ್ಲಿನ ಖರ್ಚು ಯಾವುದಕ್ಕೆ ಎನ್ನುವುದೂ ಗೊತ್ತಾಗುತ್ತದೆ. ಹಗುರ ಗಾಲಿ, ಬಣ್ಣದ ಜರ್ಸಿ ಆಮೇಲಿನ ಮಾತು. ಹಿಂದಿನ ಗಾಲಿಯ ಚೈನ್ ಚಕ್ರದಲ್ಲಿ ಎಷ್ಟು ಹಲ್ಲಿದೆ ನೋಡಿ. ರೋಡ್ ಸೈಕಲ್ಲುಗಳಲ್ಲಿ ಮುಂದಿನ ಸಣ್ಣ ಚಕ್ರಕ್ಕೆ ಸಾಮಾನ್ಯವಾಗಿ 34 ಹಲ್ಲು. ಹಿಂದಿನ ದೊಡ್ಡ ಚಕ್ರಕ್ಕೆ 32 ಇದ್ದರೆ, ಪೆಡಲ್ ಒಂದು ಸುತ್ತು ತಿರುಗಿದಾಗ ಗಾಲಿ ಒಂದು ಸುತ್ತಿಗಿಂತ ಚೂರೇ ಜಾಸ್ತಿ ತಿರುಗುತ್ತದೆ. ನಿಮಿಷಕ್ಕೆ 60 ಸುತ್ತು ತುಳಿದರೆ ತಾಸಿಗೆ 8 ಕಿ.ಮೀ. ನಾಯಿಗೂ ಬೆನ್ನಟ್ಟಲು ಬೇಜಾರಾಗುವ ವೇಗ. ಆದರೆ ಕೆಳಗಿಳಿಯದೆ ಮೇಲೆ ಬರಬಹುದು, ಅಷ್ಟು ಸಾಕಲ್ವಾ? ಹಲ್ಲು ಬದಲಿಸುವ ಮುಂಚೆ, ಹಳೆಯ ಡಿರೇಲರ್ (ಚೈನನ್ನು ಒಂದು ಚಕ್ರದಿಂದ ಇನ್ನೊಂದಕ್ಕೆ ಸರಿಸುವ ಭಾಗ) ಅಷ್ಟು ದೊಡ್ಡ ಚಕ್ರವನ್ನು ತಾಳುತ್ತದೋ ಇಲ್ಲವೋ ಅಂಗಡಿಯಲ್ಲಿ ಕೇಳಬೇಕು. ಇಳಿಯುವಾಗಿನ ಸಲುವಾಗಿ ಹೊಸ ಬ್ರೇಕ್ ರಬ್ಬರ್. ಬ್ರೇಕನ್ನು ಹಿಡಿದೇ ಇಳಿದರೆ ರಿಮ್ ಬಿಸಿಯಾಗುತ್ತದೆ. ಹಿಡಿದು ಬಿಟ್ಟು, ಹಿಡಿದು ಬಿಟ್ಟು ಇಳಿಯಬೇಕು.

ಇನ್ನೊಂದು ಪುಟ್ಟ ಹಿತ್ತಾಳೆ ವಸ್ತು ಇದೆ. ರೋಡ್ ಸೈಕಲ್ಲಿನ ಟ್ಯೂಬಿಗೆ ಬಹಳ ಸಲ ಪ್ರೆಸ್ಟಾ ವಾಲ್ವ್ ಇರುತ್ತದೆ: ಸಣ್ಣ ಕೊರಳು, ತುದಿಯಲ್ಲಿ ತಿರುಗಿಸಿ ಸಡಿಲ ಮಾಡುವ ನಟ್ಟು. ರಸ್ತೆ ಬದಿಯ ಪಂಕ್ಚರ್ ಅಂಗಡಿಯವನು ತನ್ನ ಪಂಪ್ ತಂದು, ಹಚ್ಚಿ ನೋಡಿ, ಬಾಗಿ ನೋಡಿ, "ಇದಕ ನಮ್ಮದು ಕೂಡಂಗಿಲ್ಲರಿ ಸರ" ಎನ್ನುತ್ತಾನೆ. ಅಗ್ಗಕ್ಕೆ ಸಿಗುವ, ಬೆರಳ ತುದಿಯಷ್ಟು ಅಡಾಪ್ಟರ್ ಅದರ ಮೇಲೆ ತಿರುಗಿಸಿಟ್ಟರೆ ಬೈಕಿಗೆ ಗಾಳಿ ಹಾಕುವ ಮಷಿನ್ನೇ ಸಾಕು. ಪ್ರವಾಸದಲ್ಲಿ ಇದಕ್ಕಿಂತ ಬೆಲೆಬಾಳುವ ಸಾಮಾನು ನನಗೆ ಗೊತ್ತಿಲ್ಲ.

ಊಟದ ಖರ್ಚು ಅಂತ ಹೇಳಿಕೊಳ್ಳುವುದೇನೂ ಇಲ್ಲ. ನಮ್ಮ ಕಡೆ ಅಡಿಗೆಮನೆಯೇ ದೊಡ್ಡ ಅಂಗಡಿ. ಸೈಕಲ್ಲಿನವರು ಜೆಲ್ ಅಂತ ಒಂದು ಅಂಟಿನ ಪಾಕೀಟು ಹಿಂಡಿ ನುಂಗುತ್ತಾರಲ್ಲ, ಗೋಕಾಕದ ಕರದಂಟಿನ ಮುಂದೆ ಅದೇನು ಮಹಾ! ಬೆಲ್ಲ, ಅಂಟು, ಒಣಕೊಬ್ಬರಿ, ಗೋಡಂಬಿ, ಉತ್ತತ್ತಿ, ಎಲ್ಲ ಒಂದೇ ತುಂಡಿನಲ್ಲಿ. ಬೆವರಿಗೆ ಉಪ್ಪೂ ಬೇಕು, ಅದಕ್ಕೆ ಶೇಂಗಾ ಹಿಂಡಿ ಇದೆ. ಕಟಕ ರೊಟ್ಟಿಯದು ಮಾತ್ರ ಒಂದು ತಕರಾರು. ವಾರಗಟ್ಟಲೆ ಕೆಡುವುದಿಲ್ಲ, ನಿಜ. ಆದರೆ ಮೂರು ಗುಂಡಿ ದಾಟುವಷ್ಟರಲ್ಲಿ ಬ್ಯಾಗಿನೊಳಗೆ ಪುಡಿಪುಡಿ. ಮಾದಲಿ ಒಯ್ಯುವುದು ಲೇಸು. ಅದು ಹುಟ್ಟಿನಿಂದಲೇ ಪುಡಿ, ಯಾವ ಗುಂಡಿಯೂ ಅದನ್ನು ಇನ್ನಷ್ಟು ಕೆಡಿಸಲಾರದು.

ಮಾದಲಿ ಕಟ್ಟಿಕೊಡುತ್ತಲೇ ಅವ್ವ ಕೇಳುತ್ತಾಳೆ: "ಗುಡ್ಡಾ ಇಳದು ಮತ್ತ ಅದೇ ಗುಡ್ಡಾ ಹತ್ತೂದಕ್ಕ ರೊಕ್ಕಾ ಯಾಕ ಬೇಕೊ?" ಇದಕ್ಕೆ ಸರಿಯಾದ ಉತ್ತರ ಇನ್ನೂ ಯಾವ ಸೈಕಲ್ಲಿನವನೂ ಕೊಟ್ಟಿಲ್ಲ.

ಕಡೆಗೆ ಹತ್ತಬೇಕು ಅನ್ನುವುದರಿಂದ ಉಳಿತಾಯವೂ ಆಗುತ್ತದೆ. ಸಾವಂತವಾಡಿ ಕಟ್ಟಿಗೆ ಆಟಿಕೆಗೆ ಹೆಸರಾದ ಊರು. ಬಣ್ಣ ಬಣ್ಣದ ಹಣ್ಣು, ಬುಗುರಿ ನೋಡಿದರೆ ಕೈ ತಡೆಯುವುದಿಲ್ಲ. ಆದರೆ ಅಂಬೋಲಿ ನೆನಪಾದರೆ ಕೈ ತಾನೇ ಹಿಂದೆ ಬರುತ್ತದೆ. ಗೋವಾದಿಂದ ಬರುವಾಗ "ಒಂದ ಬಾಟ್ಲಿ ತಾರಪಾ" ಎನ್ನುವ ಗೆಳೆಯರಿಗೂ ಇದೇ ಉತ್ತರ: ಒಂದು ಕೆಜಿ ಬಾಟ್ಲಿ ಅಂದರೆ ಇಡೀ ಚೋರ್ಲಾ ಘಾಟ್ ಒಂದು ಕೆಜಿ ಜಾಸ್ತಿ.

ಯಾವಾಗ ಹೋಗುವುದು? ಮಳೆಗಾಲದಲ್ಲಿ ಬೇಡ. ಮಹಾರಾಷ್ಟ್ರದಲ್ಲೇ ಅತಿ ಹೆಚ್ಚು ಮಳೆ ಬೀಳುವ ಜಾಗಗಳಲ್ಲಿ ಅಂಬೋಲಿ ಒಂದು. ಮಂಜಿನಲ್ಲಿ ನಮ್ಮ ಹ್ಯಾಂಡಲ್ಲೇ ನಮಗೆ ಕಾಣುವುದಿಲ್ಲ, ಕಾರಿನವನಿಗೆ ನಾವೇನು ಕಾಣಬೇಕು? ದೀಪಾವಳಿ ಮುಗಿದ ಮೇಲೆ ಹವಾ ಚೆನ್ನಾಗಿರುತ್ತದೆ. ಆಗ ಕಬ್ಬಿನ ಹಂಗಾಮೂ ಶುರು. ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರ್, ರಸ್ತೆಯ ತುಂಬ ಚಾಚಿದ ಕಬ್ಬು, ಒಳಗಿಂದ ಮೈ ನಡುಗಿಸುವ ಹಾಡು. ಹಿಂದೆ ಒಂದು ದೀಪ ಇರುವುದಿಲ್ಲ. ಕತ್ತಲಾದ ಮೇಲೆ ತುಳಿಯಲೇಬಾರದು. ಬೆಳಕಿರುವಾಗ ಮಾತ್ರ ಆ ಟ್ರ್ಯಾಕ್ಟರ್ ಒಳ್ಳೆಯ ಜೋಡಿ. ಏರಿನಲ್ಲಿ ಅದರ ವೇಗವೂ ಹೆಚ್ಚುಕಡಿಮೆ ನಮ್ಮಷ್ಟೇ.

ಇಷ್ಟೆಲ್ಲ ಕೂಡಿ ಕಳೆದ ಮೇಲೆ ವಹಿಯಲ್ಲಿ ಉಳಿಯುವುದು "ಇತರೆ ಖರ್ಚು" ಎನ್ನುವ ಸಾಲು. ಜಗಳ ಹತ್ತುವುದು ಇಲ್ಲೇ. ಸಾವಂತವಾಡಿಯಲ್ಲಿ ಮೀನಿನ ಊಟ ಆಗಲೇಬೇಕು ಎನ್ನುತ್ತಾನೆ ಜೊತೆಗಾರ. ಆ ರೊಕ್ಕವನ್ನು ಬಸ್ಸಿಗೆ ಇಟ್ಟುಕೊಳ್ಳಬೇಕು ಎನ್ನುತ್ತೇನೆ ನಾನು. ಘಾಟಿನ ಬುಡದಲ್ಲಿ ಕಾಲು ಕೈಕೊಟ್ಟರೆ ನಮಗೆ ಟಿಕೆಟ್ಟು, ಸೈಕಲ್ಲಿಗೆ ಲಗೇಜು, ಎರಡನ್ನೂ ಕೊಡಬೇಕಲ್ಲ. ಇರುವ ರೊಕ್ಕದಲ್ಲಿ ಎರಡೂ ಆಗುವುದಿಲ್ಲ ಎಂದು ವಹಿ ಮುಂದೆ ಹಿಡಿದರೆ, ಅವನು ಅದರ ಕಡೆ ನೋಡುವುದೂ ಇಲ್ಲ.

"ಮೊದಲ ಮೀನಾ ತಿನ್ನೂಣು ದೋಸ್ತ. ಕಂಡಕ್ಟರಗ ಏನರೆ ಹೇಳೂಣಂತ."