ಅಧ್ಯಕ್ಷರ ಹಲ್ಲು, ಸುತ್ತಲಿನವರ ಸಿಟ್ಟು

ಇಲ್ಲಿ ಅಮೆರಿಕದಲ್ಲಿ ನಮ್ಮ ಕನ್ನಡ ಕೂಟದ ಯುಗಾದಿ ಸಂಚಿಕೆಗೆ ಹೈಸ್ಕೂಲಿನ ಹುಡುಗಿಯೊಬ್ಬಳು ವ್ಯಂಗ್ಯಚಿತ್ರ ಬರೆದುಕೊಟ್ಟಿದ್ದಳು. ಕೂಟದ ಅಧ್ಯಕ್ಷರು ಮೈಕ್ ಹಿಡಿದಿದ್ದಾರೆ, ಭಾಷಣ ಮುಗಿಯುತ್ತಿಲ್ಲ. ಖಾಲಿ ತಟ್ಟೆ ಹಿಡಿದವರ ಸಾಲು ಹಾಲ್ ದಾಟಿ ಪಾರ್ಕಿಂಗ್‌ವರೆಗೂ ಹೋಗಿದೆ. ಅಷ್ಟೇ. ಸಂಪಾದಕ ಸಮಿತಿ ಅದನ್ನು ಕೈಬಿಟ್ಟಿತು. "ಹಿರಿಯರು, ಚೆನ್ನಾಗಿರಲ್ಲ" ಅಂದರು. ಅಧ್ಯಕ್ಷರಿಗೆ ತೋರಿಸಿದ್ರಾ ಅಂತ ಕೇಳಿದೆ. ಇಲ್ಲವಂತೆ. ಆ ಪುಟದಲ್ಲಿ ಪೇಟ, ಶಾಲು, ಹಾರ ಹಾಕಿಕೊಂಡ ಅವರ ಫೋಟೋ ಬಂತು.

ಅಲ್ಲ, ನಾವು ಬದುಕುತ್ತಿರುವುದು ಯಾವ ದೇಶದಲ್ಲಿ? ಥಿಯೋಡರ್ ರೂಸ್‌ವೆಲ್ಟ್ ಅನ್ನುವ ಅಧ್ಯಕ್ಷನನ್ನು ಪೇಪರಿನವರು ವರ್ಷಗಟ್ಟಲೆ ಗೋಳುಹೊಯ್ದುಕೊಂಡ ದೇಶದಲ್ಲಿ. 1901ರಲ್ಲಿ ಅಧ್ಯಕ್ಷ ಮೆಕಿನ್ಲಿ ಕೊಲೆಯಾದ ಮೇಲೆ ಈತ ಅಧ್ಯಕ್ಷನಾದಾಗ ವಯಸ್ಸು 42. ಚಿತ್ರ ಬರೆಯುವವರಿಗೆ ಹಬ್ಬ. ಸಾಲಾಗಿ ಕಾಣುವ ದೊಡ್ಡ ಹಲ್ಲು, ಪೊದೆ ಮೀಸೆ, ಕಡ್ಡಿ ಇಲ್ಲದೆ ಮೂಗಿಗೇ ಸಿಕ್ಕಿಸಿದ ಕನ್ನಡಕ. ಮುಖ ಪೂರ್ತಿ ಬರೆಯಬೇಕಾಗಿಯೇ ಇರಲಿಲ್ಲ. ಹಲ್ಲು, ಕನ್ನಡಕ ಬರೆದರೆ ಓದುಗರಿಗೆ ಆಳು ಯಾರೆಂದು ಗೊತ್ತಾಗುತ್ತಿತ್ತು. ಮೆತ್ತಗೆ ಮಾತಾಡಿ, ಕೈಲಿ ದೊಣ್ಣೆ ಇಟ್ಟುಕೊಳ್ಳಿ ಅಂತ ಆತ ಹೇಳಿದ್ದೇ ತಡ, ಎಲ್ಲರೂ ಕೈಗೊಂದು ದೊಣ್ಣೆ ಕೊಟ್ಟರು. 1904ರಲ್ಲಿ ರೋಜರ್ಸ್ ಅನ್ನುವ ವ್ಯಂಗ್ಯಚಿತ್ರಕಾರ ಬರೆದ ಚಿತ್ರದಲ್ಲಿ ಹೆಗಲ ಮೇಲೆ ದೊಣ್ಣೆ ಇಟ್ಟುಕೊಂಡ ದೈತ್ಯ ರೂಸ್‌ವೆಲ್ಟ್ ಕೆರಿಬಿಯನ್ ಸಮುದ್ರದಲ್ಲಿ ಕಾಲಾಡಿಸುತ್ತಾ ನಡೆಯುತ್ತಾನೆ, ಹಿಂದೆ ಯುದ್ಧನೌಕೆಗಳನ್ನು ಹಗ್ಗ ಕಟ್ಟಿ ಎಳೆದುಕೊಂಡು.

ಕರಡಿಯ ಕತೆ ಇನ್ನೂ ಚೆನ್ನಾಗಿದೆ. 1902ರ ನವೆಂಬರಿನಲ್ಲಿ ಆತ ಮಿಸಿಸಿಪ್ಪಿಗೆ ಬೇಟೆಗೆ ಹೋದ. ಬೇಟೆಯೇ ಸಿಗಲಿಲ್ಲ. ಜೊತೆಗಿದ್ದ ಹೋಲ್ಟ್ ಕಾಲಿಯರ್ ಒಂದು ಕರಡಿ ಹಿಡಿದು ಮರಕ್ಕೆ ಕಟ್ಟಿ, ಹೊಡೀರಿ ಅಂದರೆ, ಕಟ್ಟಿಹಾಕಿದ್ದನ್ನು ಹೊಡೆಯಲ್ಲ ಅಂದುಬಿಟ್ಟ. ಮತ್ತೆ ಕರಡಿಯನ್ನು ಕೊಲ್ಲಿಸಿದ್ದೂ ಆತನೇ, ಅದು ನರಳುತ್ತಿದೆ ಅಂತ. ಅದನ್ನು ಯಾರೂ ಜಾಸ್ತಿ ಹೇಳಲ್ಲ. ಕ್ಲಿಫರ್ಡ್ ಬೆರಿಮನ್ ಇದನ್ನು ವಾಷಿಂಗ್ಟನ್ ಪೋಸ್ಟ್ ಪತ್ರಿಕೆಗೆ ವ್ಯಂಗ್ಯಚಿತ್ರವಾಗಿ ಬರೆದ. ಬಂದೂಕು ನೆಲಕ್ಕೂರಿ, ಬೆನ್ನು ತಿರುಗಿಸಿ, ಬೇಡ ಅಂತ ಕೈ ಅಡ್ಡ ಹಿಡಿದ ಅಧ್ಯಕ್ಷ. ಬೆರಿಮನ್ ಆಮೇಲೆ ಆ ಕರಡಿಯನ್ನು ಮರಿಯಷ್ಟು ಸಣ್ಣದು ಮಾಡಿ ರೂಸ್‌ವೆಲ್ಟ್ ಚಿತ್ರಗಳಲ್ಲೆಲ್ಲ ಒಂದು ಮೂಲೆಯಲ್ಲಿ ಕೂರಿಸಿದ. ಬ್ರೂಕ್ಲಿನ್ನಿನ ಅಂಗಡಿಯ ಮಾರಿಸ್ ಮಿಚ್ಟಮ್ ದಂಪತಿ ಅದನ್ನು ನೋಡಿ ಬೊಂಬೆ ಹೊಲಿದರು. ನಮ್ಮ ಮಕ್ಕಳು ತಬ್ಬಿಕೊಂಡು ಮಲಗುವ ಟೆಡ್ಡಿ ಅದೇ. ಥಿಯೋಡರ್ ಅನ್ನೋದನ್ನು ಮೊಟಕು ಮಾಡಿ ಟೆಡ್ಡಿ ಅಂತ ಕರೆದರೆ ರೂಸ್‌ವೆಲ್ಟನಿಗೆ ಆಗ್ತಿರಲಿಲ್ಲ. ಆದರೂ ಹೆಸರು ಹಾಗೇ ನಿಂತಿತು.

ಆತನ ಸುತ್ತಲಿನವರು ಏನು ಮಾಡಿದರು ನೋಡಿ. 1904ರ ಚುನಾವಣೆಯಲ್ಲಿ ಹೋಮರ್ ಡೇವನ್‌ಪೋರ್ಟ್ ಒಂದು ಚಿತ್ರ ಬರೆದ. ಅಂಕಲ್ ಸ್ಯಾಮ್, ಅಂದರೆ ಚಿತ್ರಗಳಲ್ಲಿ ಅಮೆರಿಕ ದೇಶಕ್ಕೇ ಕೊಟ್ಟ ಮನುಷ್ಯರೂಪ, ರೂಸ್‌ವೆಲ್ಟ್ ಹೆಗಲ ಮೇಲೆ ಕೈ ಇಟ್ಟು, ನನಗೆ ಇವನೇ ಸಾಕು ಅನ್ನುತ್ತಾನೆ. ರಿಪಬ್ಲಿಕನ್ ಪಕ್ಷದವರು ಅದನ್ನೇ ಪ್ರಚಾರಕ್ಕೆ ಅಚ್ಚುಹಾಕಿ ಹಂಚಿದರು. ನಮ್ಮ ಕೂಟದವರಾಗಿದ್ದರೆ, ಅಧ್ಯಕ್ಷರ ಹೆಗಲ ಮೇಲೆ ಕೈ ಇಡೋದಾ ಅಂತ ಅದನ್ನೂ ತೆಗೆಸುತ್ತಿದ್ದರು. ನಮ್ಮಲ್ಲಿ ದೊಡ್ಡವರಿಗೆ ಸಿಟ್ಟು ಬರುವ ಮೊದಲೇ ಪಕ್ಕದವರಿಗೆ ಬಂದಿರುತ್ತದೆ. ಮದುವೆ ಮನೆಯಲ್ಲಿ ಬೀಗರಿಗಿಂತ ಬೀಗರ ಅಣ್ಣನ ಷಡ್ಡಕ ಮುನಿಸಿಕೊಂಡ ಹಾಗೆ. ಆಮೇಲೆ ದೊಡ್ಡವರೂ ಸಿಟ್ಟಾಗಲೇಬೇಕಾಗುತ್ತದೆ, ಪಾಪ.

ಊರಿನ ಬಗ್ಗೆ ಇಷ್ಟೆಲ್ಲ ಅಂದಮೇಲೆ ಇದನ್ನೂ ಹೇಳಬೇಕು. ಡಾಕ್ಟರ್ ಶಿವರಾಂ ಅವರ ಹಾಸ್ಯಪತ್ರಿಕೆ ಕೊರವಂಜಿ 1942ರಿಂದ 25 ವರ್ಷ ನಡೆದದ್ದು ನಮ್ಮ ಬೆಂಗಳೂರಿನಲ್ಲೇ. ಮೈಸೂರಿನ ಹುಡುಗ ಆರ್.ಕೆ. ಲಕ್ಷ್ಮಣ್ ಅದಕ್ಕೆ ಚಿತ್ರ ಬರೆದು ಕೈ ಪಳಗಿಸಿಕೊಂಡವರು. ನಗೋದು ನಮಗೆ ಗೊತ್ತಿರಲಿಲ್ಲ ಅಂತಲ್ಲ.

ಅಮೆರಿಕದವರೂ ಸಾಚಾ ಅಲ್ಲ. ಪೆನ್ಸಿಲ್ವೇನಿಯಾದ ಗವರ್ನರ್ ಪೆನ್ನಿಪ್ಯಾಕರನನ್ನು ಗಿಳಿಯಾಗಿ ಬರೆದರು ಅಂತ, ಮನುಷ್ಯರನ್ನು ಪ್ರಾಣಿ ಪಕ್ಷಿಯಾಗಿ ಬರೆಯಕೂಡದು ಅನ್ನುವ ಮಸೂದೆಯೇ 1903ರಲ್ಲಿ ಬಂತು. ವ್ಯಂಗ್ಯಚಿತ್ರಕಾರ ವಾಲ್ಟ್ ಮೆಕ್‌ಡೂಗಲ್ ಸುಮ್ನಿರಲಿಲ್ಲ, ರಾಜಕಾರಣಿಗಳನ್ನು ತರಕಾರಿಯಾಗಿ, ಬಿಯರ್ ಮಗ್ ಆಗಿ ಬರೆದ. ಇನ್ನು ಆ ಕಾಲದ ಚಿತ್ರಗಳಲ್ಲಿ ಕಪ್ಪು ಜನರನ್ನು, ದ್ವೀಪಗಳ ಜನರನ್ನು ಬರೆದ ರೀತಿಯಂತೂ ಇವತ್ತು ನೋಡಕ್ಕಾಗಲ್ಲ. ಕರಡಿ ಹಿಡಿದ ಕಾಲಿಯರ್ ಗುಲಾಮನಾಗಿ ಹುಟ್ಟಿದ ಕಪ್ಪು ಬೇಟೆಗಾರ. ಬೊಂಬೆಯ ಕತೆ ಹೇಳುವವರು ಅವನ ಹೆಸರನ್ನು ಹೇಳುವುದು ಅಪರೂಪ.

ರೂಸ್‌ವೆಲ್ಟನೇ ಏನು ಕಮ್ಮಿ? ಪನಾಮಾ ಕಾಲುವೆಗೆ ಕೊಟ್ಟ 4 ಕೋಟಿ ಡಾಲರ್ ಯಾರ ಜೇಬಿಗೆ ಹೋಯಿತು ಅಂತ 1908ರಲ್ಲಿ ಪುಲಿಟ್ಜರ್‌ನ ದಿ ವರ್ಲ್ಡ್ ಪತ್ರಿಕೆ ಕೇಳಿದ್ದಕ್ಕೆ, ಸರ್ಕಾರದಿಂದಲೇ ಮಾನನಷ್ಟದ ಕ್ರಿಮಿನಲ್ ಕೇಸು ಹಾಕಿಸಿದ. ಹಲ್ಲು ಬರೆದರೆ ಪರವಾಗಿಲ್ಲ, ಲೆಕ್ಕ ಕೇಳಬಾರದು. 1911ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಸರ್ಕಾರ ಸೋತಿತು. ಹೋಗಲಿ, ಅಷ್ಟಾದರೂ ಆತ ತಾನೇ ಪೇಪರ್ ಓದಿ ತಾನೇ ಸಿಟ್ಟಾದ. ನಮ್ಮ ಅಧ್ಯಕ್ಷರಿಗೆ ಆ ಅವಕಾಶವೇ ಸಿಗಲಿಲ್ಲ.