ಮದುವೆಗೊಬ್ಬ, ಮಸೂದೆಗೊಬ್ಬ

1952ರಲ್ಲಿ ಕೊಡಗೇ ಒಂದು ರಾಜ್ಯವಾಗಿದ್ದಾಗ ನಮ್ಮ ವಿಧಾನಸಭೆ ಮಡಿಕೇರಿಯಲ್ಲೇ ಸೇರುತ್ತಿತ್ತು; ಸದಸ್ಯರು 24. 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿದೆವು. 2008ರ ಮರುವಿಂಗಡಣೆಯಲ್ಲಿ ಸೋಮವಾರಪೇಟೆ ಕ್ಷೇತ್ರವೂ ಕರಗಿ, ಈಗ ಉಳಿದ ಶಾಸಕರು ಮಡಿಕೇರಿಗೊಬ್ಬ, ವಿರಾಜಪೇಟೆಗೊಬ್ಬ. ಜನಸಂಖ್ಯೆಯ ಲೆಕ್ಕ ಸರಿಯೇ ಇರಬಹುದು. ಆದರೆ ಲೆಕ್ಕ ಹಾಕಿದ ಮಹನೀಯರು ನಮ್ಮ ಮದುವೆಗಳನ್ನು ಎಣಿಸಲಿಲ್ಲ.

ಮೇ ತಿಂಗಳಲ್ಲಿ ನಮ್ಮ ಶಾಸಕರ ಯಾವುದಾದರೂ ಒಂದು ಭಾನುವಾರ ನೋಡಿ. ಪೊನ್ನಂಪೇಟೆಯಲ್ಲಿ ಮುಹೂರ್ತ, ಗೋಣಿಕೊಪ್ಪದಲ್ಲಿ ಗೃಹಪ್ರವೇಶ, ಕುಟ್ಟದಲ್ಲಿ ಇನ್ನೊಂದು ಮದುವೆ, ನಡುವೆ ಚರಂಡಿಯೊಂದಕ್ಕೆ ಗುದ್ದಲಿ ಪೂಜೆ. ಹೋದಲ್ಲೆಲ್ಲ ಅಕ್ಕಿತರಿಯ ಉಂಡೆ ಕಡಂಬುಟ್ಟು, ಹಂದಿಮಾಂಸದ ಪಂದಿಕರಿ. ಬೇಡವೆಂದರೆ ಆ ಮನೆಯ ಮತ ಹೋಗುತ್ತದೆ, ಉಂಡರೆ ಹೊಟ್ಟೆ ಹೋಗುತ್ತದೆ. ಇಂಥ ಮನುಷ್ಯ ಮರುದಿನ ಬೆಂಗಳೂರಿನಲ್ಲಿ ಕೂತು ಮಸೂದೆ ಓದಬೇಕಂತೆ! ಪಾಪ, ಅದನ್ನು ಯಾರೂ ಅವರಿಂದ ನಿರೀಕ್ಷಿಸುವುದೂ ಇಲ್ಲ.

ಆದ್ದರಿಂದ ಶಾಸಕರ ಹುದ್ದೆಯನ್ನೇ ಪಾಲು ಮಾಡೋಣ. ಇಡೀ ಮನೆತನಕ್ಕೆ ಒಟ್ಟಾಗಿ ಸೇರಿದ ನಮ್ಮ ಜಮ್ಮಾ ಜಮೀನು ಪಾಲು ಮಾಡುವುದಕ್ಕಿಂತ ಇದು ಸುಲಭ.

ಮದುವೆ ಶಾಸಕರ ಆಯ್ಕೆಗೆ ಮತಯಂತ್ರ ಬೇಡ. ಒಂದೇ ಹಗಲಿನಲ್ಲಿ ಏಳು ಮಂಟಪ ಹತ್ತಿಳಿದು, ಏಳನೆಯದರಲ್ಲೂ ವಧುವಿನ ಹೆಸರು ಸರಿಯಾಗಿ ಹೇಳಿದವರೇ ವಿಜಯಿ. ಗುದ್ದಲಿ ಶಾಸಕರಿಗೆ ಸ್ವಂತ ಗುದ್ದಲಿ ಕಡ್ಡಾಯ, ಕಾಮಗಾರಿ ಐಚ್ಛಿಕ. ಆನೆ ಶಾಸಕರಿಗೆ ತೋಟದಲ್ಲಿ ಆನೆ ಅಟ್ಟಿಸಿಕೊಂಡು ಬಂದಾಗ ಓಡಿ ಬದುಕಿದವರು ಮಾತ್ರ ಮತ ಹಾಕಬೇಕು. ಅಂದ ಹಾಗೆ, ಮರುವಿಂಗಡಣೆಯನ್ನು ಒಪ್ಪದವು ಆನೆಗಳೊಂದೇ. ಅವುಗಳಿಗೆ ಜಿಲ್ಲೆಯ 4,102 ಚದರ ಕಿಲೋಮೀಟರೂ ಒಂದೇ ಕ್ಷೇತ್ರ.

ರೆಸಾರ್ಟ್ ಶಾಸಕ ಬೇರೆ ಬೇಕು. 2017ರ ಸೆಪ್ಟೆಂಬರ್‌ನಲ್ಲಿ ತಮಿಳುನಾಡಿನ ಬಂಡಾಯ ಶಾಸಕರು ಬಂದು ತಂಗಿದ್ದು ನಮ್ಮ ಕೊಡಗಿನ ರೆಸಾರ್ಟಿನಲ್ಲೇ. ಅವರಲ್ಲಿ 18 ಮಂದಿ ಅದೇ ತಿಂಗಳು ಅನರ್ಹರಾದರು. ಎರಡು ಸ್ಥಾನಕ್ಕೆ ಇಳಿದ ಜಿಲ್ಲೆಯಲ್ಲಿ ಅಷ್ಟು ಶಾಸಕರನ್ನು ಒಟ್ಟಿಗೆ ಕಂಡು ನಮ್ಮ ಹಿರಿಯರಿಗೆ 1952 ನೆನಪಾಗಿರಬೇಕು.

ಕೊನೆಗೆ ಉಳಿದದ್ದು ಕಾನೂನು ಶಾಸಕರ ಹುದ್ದೆ. ನನ್ನ ಕಲ್ಪನೆಯ ಚುನಾವಣೆಯಲ್ಲಿ ಅದಕ್ಕೆ ನಾಮಪತ್ರ ಸಲ್ಲಿಸಿದವರು ಒಬ್ಬರೇ, ನಿವೃತ್ತ ಮೇಷ್ಟ್ರು. ಸಂವಿಧಾನದ ಪ್ರತಿಯನ್ನು ಕಂಕುಳಲ್ಲಿಟ್ಟುಕೊಂಡು ಮನೆಮನೆ ಸುತ್ತಿದರು. ಎದುರಾಳಿಯಾಗಿ ಇದ್ದದ್ದು ನೋಟಾ ಮಾತ್ರ. ಜನ ಕಾಫಿ ಕೊಟ್ಟು, ಭಾಷಣ ಕೇಳಿ, ಒಂದೇ ಪ್ರಶ್ನೆ ಕೇಳಿದರು:

“ಎಲ್ಲ ಸರಿ ಮೇಷ್ಟ್ರೇ, ಮೇ ಹನ್ನೊಂದಕ್ಕೆ ಮಗಳ ಮದುವೆ. ಬರುತ್ತೀರಲ್ಲ?”

“ಅವತ್ತು ಅಧಿವೇಶನ ಇರುತ್ತದೆ” ಎಂದರು ಮೇಷ್ಟ್ರು.

ನೋಟಾ ಭಾರೀ ಅಂತರದಿಂದ ಮುಂದಿದೆ.