ಪೆಂಟಿಯಂಗೂ ಬೇಕು ಅಕ್ರಮ-ಸಕ್ರಮ

ಬಳ್ಳಾರಿಯಿಂದ ಸಂಡೂರಿಗೆ ಹೋಗುವ ದಾರಿಯಲ್ಲಿ ಗೆಳೆಯರೊಬ್ಬರ ವೇಬ್ರಿಡ್ಜ್ ಇದೆ. ಅಲ್ಲಿರುವುದು ಪೆಂಟಿಯಂ 3 ಎಂಬ ಹಳೆಯ ಪ್ರೊಸೆಸರ್‌ನ ಕಂಪ್ಯೂಟರ್. ಅದಿರಿನ ಲಾರಿಗಳು ಹಗಲುರಾತ್ರಿ ಸಾಲುಗಟ್ಟಿದಾಗಲೂ, 2011ರ ಲೋಕಾಯುಕ್ತ ವರದಿಯ ಬಳಿಕ ದಾರಿ ಬಿಕೋ ಎಂದಾಗಲೂ ಕೆಂಪು ದೂಳು ಹೊದ್ದುಕೊಂಡು ಅದು ಮಾಡಿದ್ದು ಒಂದೇ ಕೆಲಸ: ತುಂಬಿದ ಲಾರಿಯ ತೂಕದಿಂದ ಖಾಲಿ ಲಾರಿಯ ತೂಕವನ್ನು ಕಳೆಯುವುದು.

ಕಳೆದ ತಿಂಗಳು ಸೋದರಳಿಯ ಅದಕ್ಕೊಂದು ಹೊಸ ಬಿಲ್ಲಿಂಗ್ ತಂತ್ರಾಂಶ ಹಾಕಿಕೊಟ್ಟ. ಪರದೆಯ ಮೇಲೆ ಮೂಡಿದ್ದು ಎರಡೇ ಪದ: ‘ಇಲ್ಲೀಗಲ್ ಇನ್‌ಸ್ಟ್ರಕ್ಷನ್’. ಅಕ್ರಮ ಆಜ್ಞೆ! ಬಳ್ಳಾರಿಯ ವೇಬ್ರಿಡ್ಜ್‌ನಲ್ಲಿ ‘ಇಲ್ಲೀಗಲ್’ ಎಂಬ ಪದ ಕಂಡರೆ ಏನಾಗಬೇಕೋ ಅದೇ ಆಯಿತು. ಕಿಟಕಿಯಲ್ಲಿ ಇಣುಕಿದ ಚಾಲಕ ತುಟಿಪಿಟಕ್ಕೆನ್ನದೆ ಹೋಗಿ ಲಾರಿಯನ್ನು ಹಿಂದಕ್ಕೆ ತೆಗೆದ.

ಲಾರಿಯದೇನೂ ತಪ್ಪಿರಲಿಲ್ಲ. ಪ್ರೋಗ್ರಾಮನ್ನು ಯಂತ್ರಭಾಷೆಗೆ ಇಳಿಸುವ ಕಂಪೈಲರ್, ಎಲ್ಲರ ಮನೆಯಲ್ಲೂ ಎಸ್‌ಎಸ್‌ಇ2 ಎಂಬ ಆಜ್ಞೆಗಳಿವೆ ಎಂದು ನಂಬಿ ಕುಳಿತಿತ್ತು. ಇಂಟೆಲ್ ಅವನ್ನು ತಂದದ್ದು 2000ದಲ್ಲಿ, ಪೆಂಟಿಯಂ 4ರ ಜೊತೆ; ನಮ್ಮ 3ರಲ್ಲಿ ಅವಿಲ್ಲ. ಒಂದೇ ಏಟಿಗೆ ಎರಡೆರಡು ದಶಾಂಶ ಲೆಕ್ಕ ಮಾಡುತ್ತವಂತೆ. ಮಾಡಲಿ. ನಮ್ಮ ವೇಬ್ರಿಡ್ಜ್ ಮೇಲೆ ಹತ್ತುವುದು ಒಮ್ಮೆಗೆ ಒಂದೇ ಲಾರಿ.

ರಸ್ಟ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಕಂಪೈಲರ್‌ನಲ್ಲಿ ‘ಐ686’ ಎಂಬ ಗುರಿಯಿದೆ, ಅಂದರೆ ಯಾವ ಬಗೆಯ ಪ್ರೊಸೆಸರ್‌ಗೆ ಪ್ರೋಗ್ರಾಂ ತಯಾರಿಸಬೇಕು ಎಂಬ ಆಯ್ಕೆ. 686 ಎಂದರೆ 1995ರ ಪೆಂಟಿಯಂ ಪ್ರೊ ವಂಶ. ಆದರೆ ಅದಕ್ಕೆ ಕನಿಷ್ಠ ಪೆಂಟಿಯಂ 4 ಬೇಕು. ಮನೆಗೆ ಅಜ್ಜನ ಹೆಸರು, ಅಜ್ಜನಿಗೇ ಒಳಗೆ ಪ್ರವೇಶವಿಲ್ಲ. ಲಿನಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆ ಇನ್ನೂ ಒಂದು ಕೈ ಮೇಲು. 1991ರಲ್ಲಿ ಇಂಟೆಲ್‌ನ 386 ಪ್ರೊಸೆಸರ್‌ನ ಮಡಿಲಲ್ಲಿ ಹುಟ್ಟಿದ ಮಗು, 2013ರ 3.8ನೇ ಆವೃತ್ತಿಯಲ್ಲಿ ಹೆತ್ತ ತಾಯಿಗೇ ಬಾಗಿಲು ಹಾಕಿತು.

ಕಂಪೈಲರ್ ಬರೆಯುವವರ ಕಷ್ಟ ನನಗೆ ಗೊತ್ತಿಲ್ಲವೆಂದಲ್ಲ. ಪ್ರೊಸೆಸರ್‌ನಲ್ಲಿ ದಶಾಂಶದ ಲೆಕ್ಕ ಮಾಡುವ ಹಳೆಯ ಎಕ್ಸ್87 ಘಟಕ ಒಳಗೊಳಗೆ 80 ಬಿಟ್‌ಗಳಲ್ಲಿ ಲೆಕ್ಕ ಮಾಡಿ, ಹೊರಗಿಡುವಾಗ 64ಕ್ಕೆ ಕತ್ತರಿಸುತ್ತದೆ. ಒಂದೇ ಲೆಕ್ಕಕ್ಕೆ ಎರಡು ಉತ್ತರ ಬರುವುದುಂಟು. (ಒಂದೇ ಲಾರಿಗೆ ಎರಡು ತೂಕ ಎಂದರೆ ಬಳ್ಳಾರಿಯವರು ಬೆಚ್ಚಿಬೀಳುವುದಿಲ್ಲ, ಆ ಮಾತು ಬೇರೆ.) ಇದರ ಸಹವಾಸವೇ ಬೇಡವೆಂದು ಗೋ ಭಾಷೆಯವರು 2021ರ 1.16ನೇ ಆವೃತ್ತಿಯಲ್ಲಿ ಎಕ್ಸ್87 ಅನ್ನು ಕೈಬಿಟ್ಟರು. ಹಳೆಯ ಯಂತ್ರದವರಿಗೆ ‘ಸಾಫ್ಟ್‌ಫ್ಲೋಟ್’ ಎಂಬ ದಾರಿ ಉಳಿಸಿದರು: ದಶಾಂಶದ ಲೆಕ್ಕವನ್ನು ಆ ಘಟಕಕ್ಕೆ ಒಪ್ಪಿಸದೆ ತಂತ್ರಾಂಶವೇ ನಿಧಾನವಾಗಿ ಮಾಡಿಕೊಳ್ಳುವುದು. ಅಷ್ಟಾದರೂ ದಯೆ ತೋರಿಸಿದರಲ್ಲ.

ನನ್ನ ತಕರಾರು ಬೇರೆ. ಹಳೆಯ ಯಂತ್ರಗಳನ್ನು ಕೈಬಿಡುವ ಮುನ್ನ ಹೇಳುವ ಕಾರಣ ಒಂದೇ: ಇದನ್ನು ಈಗ ಯಾರೂ ಬಳಸುತ್ತಿಲ್ಲ, ಬಳಸುತ್ತಿದ್ದರೆ ದೂರು ಬರುತ್ತಿತ್ತು. ದೂರು ಕೊಡಲು ಬ್ರೌಸರ್ ತೆರೆಯಬೇಕು. ಇಂದಿನ ಫೈರ್‌ಫಾಕ್ಸ್, ಕ್ರೋಮ್ ಎರಡಕ್ಕೂ ಎಸ್‌ಎಸ್‌ಇ2 ಇಲ್ಲದೆ ಕಣ್ಣೇ ಬಿಡಲಾಗದು. ಹೀಗಾಗಿ ದೂರುಗಳ ಸಂಖ್ಯೆ ಸೊನ್ನೆ. ರೇಷನ್ ಅಂಗಡಿಯಲ್ಲಿ ಬೆರಳಚ್ಚು ಹೊಂದದೆ ಹಿಂದಿರುಗಿದ ಅಜ್ಜಿ, ಆ ದೂರನ್ನು ದಾಖಲಿಸಲು ಅದೇ ಯಂತ್ರಕ್ಕೆ ಅದೇ ಬೆರಳು ಒತ್ತಬೇಕು ಎಂದ ಹಾಗೆ.

ಕಂಪ್ಲಿ, ಸಿರುಗುಪ್ಪದ ಕಡೆ ವಿಜಯನಗರ ಕಾಲದ ಕಾಲುವೆಗಳಲ್ಲಿ ಇವತ್ತಿಗೂ ಗದ್ದೆಗೆ ನೀರು ಹರಿಯುತ್ತದೆ. ನಿಮ್ಮ ಕಾಲುವೆ ಹಳೆಯದು, ಹೊಸ ನೀರಿಗೆ ಹೊಂದುವುದಿಲ್ಲ ಎಂದು ತುಂಗಭದ್ರೆ ಈವರೆಗೆ ನೋಟಿಸ್ ಕಳಿಸಿಲ್ಲ.

ಹೇಗೂ ‘ಅಕ್ರಮ’ ಎಂದು ಪರದೆಯೇ ಬರೆದುಕೊಟ್ಟಿದೆ. ಅಕ್ರಮವಿದ್ದಲ್ಲಿ ಸಕ್ರಮ ಇರಲೇಬೇಕು, ಇದು ಕರ್ನಾಟಕ. ಬಗರ್ ಹುಕುಂ ರೈತರಿಗೆ ನಮೂನೆ 50, 53, 57 ಬಂದವು. ಹಳೆಯ ಪ್ರೊಸೆಸರ್‌ಗಳಿಗೆ ನಮೂನೆ 86 ಬರಲಿ. ಜೊತೆಗೆ ಕಂಪ್ಯೂಟರಿನ ಖರೀದಿ ರಸೀದಿ, ಇಷ್ಟು ವರ್ಷ ಯಾರ ತಂಟೆಗೂ ಹೋಗದೆ ಅನುಭವದಲ್ಲಿದೆ ಎಂಬುದಕ್ಕೆ ಅಕ್ಕಪಕ್ಕದ ಇಬ್ಬರು ಪ್ರೊಸೆಸರ್‌ಗಳ ಸಾಕ್ಷಿ, ಮತ್ತು ಛಾಪಾ ಕಾಗದದಲ್ಲಿ ಮುಚ್ಚಳಿಕೆ. ಅರ್ಜಿ ಆನ್‌ಲೈನ್‌ನಲ್ಲಿ ಮಾತ್ರ ಎಂದರೆ ಮತ್ತೆ ಅಲ್ಲಿಗೇ ಬಂದೆವು.

ಅಂದು ಸಂಜೆ ಆ ಚಾಲಕ ಧೈರ್ಯ ಮಾಡಿ ಮರಳಿ ಬಂದ. “ಸಾಹುಕಾರರೇ, ಚೀಟಿ ಕೊಡಿ, ಹೊತ್ತಾಯಿತು” ಎಂದ. ಗೆಳೆಯರು ಹಳೆಯ ರಸೀದಿ ಪುಸ್ತಕ ತೆಗೆದು ನಡುವೆ ಕಾರ್ಬನ್ ಹಾಳೆ ಇಟ್ಟರು. 35,280ರಲ್ಲಿ 11,460 ಹೋದರೆ 23,820. ಬೆರಳು ಮಡಿಸಿ ಎರಡು ಸಲ ತಾಳೆ ನೋಡಿದರು. ಸೋದರಳಿಯ ಪಕ್ಕದಲ್ಲಿ ನಿಂತು ಮೆಲ್ಲಗೆ ಹೇಳಿದ: “ಮಾಮಾ, ಇದೇ ಸಾಫ್ಟ್‌ಫ್ಲೋಟ್.”